ಬಸಿದ ನೀರು ಎಲ್ಲಿಗೆ ಹೋಗುತ್ತದೆ? ಡಯಾಲಿಸಿಸ್‌ಗೆ ಹೋಗುವವರಿಗಾಗಿ ಮನೆಯಲ್ಲೇ ವಿಡಿಯೊ ಮಾಡುವ ಬಗೆ

ಕಿಡ್ನಿ ಕೆಲಸ ಮಾಡದ ಅಮ್ಮನಿಗೆ ಡಯಾಲಿಸಿಸ್, ಅಂದರೆ ಮಿಷನ್‌ನಿಂದ ರಕ್ತ ಶುದ್ಧ ಮಾಡುವುದು, ಶುರುವಾದ ಮೂರನೇ ತಿಂಗಳು ರಕ್ತ ಪರೀಕ್ಷೆಯಲ್ಲಿ, ಊಟದಿಂದ ರಕ್ತಕ್ಕೆ ಸೇರುವ ಪೊಟ್ಯಾಸಿಯಂ ಎಂಬ ಲವಣ 6.4 ಬಂತು. 5.5 ದಾಟಬಾರದು ಎಂದು ಡಾಕ್ಟ್ರು ಮೊದಲೇ ಹೇಳಿದ್ದರು. "ಏನಮ್ಮಾ ತಿಂದ್ರಿ?" ಎಂದು ಕೇಳಿದರು. ಬಾಳೆಹಣ್ಣು ಮುಟ್ಟಿಲ್ಲ, ಎಳನೀರು ಕುಡಿದಿಲ್ಲ. ಸೊಪ್ಪು, ತರಕಾರಿಯನ್ನು ಆಸ್ಪತ್ರೆಯವರು ಕೊಟ್ಟ ಪಥ್ಯದ ಚೀಟಿಯಲ್ಲಿ ಬರೆದಿದ್ದ ಹಾಗೆಯೇ ಬೇಯಿಸಿ ನೀರು ಬಸಿಯುತ್ತಿದ್ದೇನೆ ಎಂದಳು ಅಮ್ಮ. ಅವಳು ಸುಳ್ಳು ಹೇಳುವವಳಲ್ಲ.

ಮಾರನೆಯ ದಿನ ಶ್ರೀನಿವಾಸಪುರದ ಹತ್ತಿರದ ನಮ್ಮೂರಿನಲ್ಲಿ ಅಡುಗೆಮನೆಗೆ ಹೋಗಿ ನಿಂತೆ. ದಂಟಿನ ಸೊಪ್ಪು, ಹೆಸರುಕಾಳು ಬೆಂದಿತ್ತು. ಅಮ್ಮ ನೀರನ್ನು ಚೆನ್ನಾಗಿಯೇ ಬಸಿದಳು. ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದಳು. ಬಸಿದ ನೀರಿಗೆ ರುಬ್ಬಿದ ಖಾರ ಹಾಕಿ ಕುದಿಸಿದಳು. ಬಸ್ಸಾರು! ಮುದ್ದೆಯ ಮೇಲೆ ಎರಡು ಸೌಟು. "ಆ ನೀರು ಚೆಲ್ಲಬೇಕಲ್ವಾಮ್ಮ?" ಎಂದೆ. "ಚೆಲ್ಲೋದಾ? ಸತ್ವ ಎಲ್ಲ ಅದರಲ್ಲೇ ಇರೋದು ಕಣಪ್ಪ" ಎಂದಳು. ನಿಜವೇ. ಆದರೆ ಸೊಪ್ಪಿನಿಂದ ಬಿಟ್ಟ ಪೊಟ್ಯಾಸಿಯಂ ಕೂಡ ಅದೇ ನೀರಿನಲ್ಲಿತ್ತು.

ಚೀಟಿಯಲ್ಲಿದ್ದ ಮಾತು ತಪ್ಪಲ್ಲ. ಅಮ್ಮ ಮಾಡಿದ್ದೂ ಚೀಟಿಯ ಪ್ರಕಾರವೇ. ಚೀಟಿ ಬರೆದವರಿಗೆ ನಮ್ಮ ಮನೆಯ ಬಸ್ಸಾರು ಕಾಣಿಸಿರಲಿಲ್ಲ, ಅಷ್ಟೆ. ಅವತ್ತೇ ನಾನು ಫೋನ್ ತೆಗೆದು ಅದೇ ಪಾತ್ರೆ, ಅದೇ ಸೊಪ್ಪು, ಅಮ್ಮನ ಕೈಯಿಂದಲೇ ನೀರನ್ನು ಹಿತ್ತಲಿನ ನುಗ್ಗೆ ಮರದ ಬುಡಕ್ಕೆ ಚೆಲ್ಲುವುದನ್ನು ವಿಡಿಯೊ ಮಾಡಿದೆ. ಒಂದೂವರೆ ನಿಮಿಷ. ಹಾಗೆ ಶುರುವಾದದ್ದು ಈಗ ಏಳು ವಿಡಿಯೊ ಆಗಿವೆ. ನಿಮ್ಮ ಮನೆಯಲ್ಲೂ ಯಾರಾದರೂ ಡಯಾಲಿಸಿಸ್‌ಗೆ ಹೋಗುತ್ತಿದ್ದರೆ ಇದನ್ನು ಹೇಗೆ ಮಾಡಬಹುದು ಎಂದು ಹೇಳುತ್ತೇನೆ. ಇದಕ್ಕೆ ಬೇಕಾಗಿರುವುದು ಒಂದು ಸಾಧಾರಣ ಫೋನ್, ಸ್ವಲ್ಪ ತಾಳ್ಮೆ, ಮತ್ತು ನಿಮ್ಮ ಡಯಾಲಿಸಿಸ್ ಘಟಕದ ಸಿಸ್ಟರ್ ಅಥವಾ ಟೆಕ್ನಿಷಿಯನ್ ಅವರ ಹತ್ತು ನಿಮಿಷ.

ಮೊದಲು ನಿಮ್ಮ ಲೆಕ್ಕ ಕೇಳಿ ತಿಳಿಯಿರಿ

ಫೋನ್ ಹಿಡಿಯುವ ಮುಂಚೆ ಒಂದು ನೋಟ್‌ಬುಕ್ ಹಿಡಿಯಿರಿ. ಡಯಾಲಿಸಿಸ್ ಮಾಡಿಸಿಕೊಳ್ಳುವ ಎಲ್ಲರಿಗೂ ಒಂದೇ ಲೆಕ್ಕ ಇರುವುದಿಲ್ಲ. ಯೂಟ್ಯೂಬ್‌ನ ವಿಡಿಯೊಗಳಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದೇ. ಯಾರದೋ ಲೆಕ್ಕವನ್ನು ಎಲ್ಲರಿಗೂ ಹೇಳುತ್ತಾರೆ. ನೀವು ಕೇಳಬೇಕಾದ್ದು ಇವು: ಡ್ರೈ ವೇಟ್ ಎಷ್ಟು? ಅಂದರೆ ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ. ದಿನಕ್ಕೆ ಎಷ್ಟು ನೀರು ಕುಡಿಯಬಹುದು? ಕಳೆದ ಬಾರಿಯ ಪೊಟ್ಯಾಸಿಯಂ, ಫಾಸ್ಫರಸ್, ಹಿಮೋಗ್ಲೋಬಿನ್ ಎಷ್ಟು? ಡಯಾಲಿಸಿಸ್ ದಿನ ಬೆಳಿಗ್ಗೆ ಬಿಪಿ ಮಾತ್ರೆ ತೆಗೆದುಕೊಳ್ಳಬೇಕಾ, ಬೇಡವಾ? ಸಕ್ಕರೆ ಕಾಯಿಲೆ ಇದ್ದರೆ ಅವತ್ತು ಇನ್ಸುಲಿನ್ ಹೇಗೆ? ತೊಂದರೆಯಾದರೆ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು?

ಕೇಳುವುದಕ್ಕೆ ಸಂಕೋಚ ಪಡಬೇಡಿ. ಒಂದು ಪಾಳಿ ಮುಗಿದು ಇನ್ನೊಂದು ಪಾಳಿ ಶುರುವಾಗುವ ಗಲಾಟೆಯಲ್ಲಿ ಕೇಳಿದರೆ ಅವರಿಗೂ ಕಷ್ಟ. ಸೂಜಿ ಚುಚ್ಚಿ, ಮಿಷನ್ ಶುರುವಾಗಿ ಅರ್ಧ ಗಂಟೆ ಆದ ಮೇಲೆ ಕೇಳಿ. ಆಗ ಅವರೂ ಸ್ವಲ್ಪ ನಿಂತು ಮಾತಾಡುತ್ತಾರೆ.

ಯಾವ ವಿಷಯ, ಎಷ್ಟು ಹೊತ್ತು

ಒಂದು ವಿಡಿಯೊದಲ್ಲಿ ಒಂದೇ ವಿಷಯ ಇರಲಿ. ಎರಡು ನಿಮಿಷ, ಜಾಸ್ತಿ ಅಂದರೆ ಮೂರು. ನಾನು ಮಾಡಿದ ಎರಡನೇ ವಿಡಿಯೊ ಹನ್ನೊಂದು ನಿಮಿಷ ಇತ್ತು. ನೀರು, ಉಪ್ಪು, ಹಣ್ಣು, ಮಾತ್ರೆ ಎಲ್ಲವನ್ನೂ ತುರುಕಿದ್ದೆ. ಅಮ್ಮ ನಾಲ್ಕನೇ ನಿಮಿಷಕ್ಕೆ ನಿದ್ದೆ ಹೋದಳು. ಅದನ್ನು ಅಳಿಸಿ ನಾಲ್ಕು ತುಂಡಾಗಿ ಮತ್ತೆ ಮಾಡಿದೆ.

ಫಿಸ್ಟುಲಾ ಇದ್ದರೆ ಅದರಿಂದಲೇ ಶುರು ಮಾಡಿ. ಕೈಯಲ್ಲಿ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಸೇರಿಸಿ ಹೊಲಿದಿರುವ ಜಾಗ ಅದು. ಹದಕ್ಕೆ ಬರಲು ವಾರಗಟ್ಟಲೆ ಬೇಕು. ಡಯಾಲಿಸಿಸ್ ಆಗುವಾಗ ನಿಮಿಷಕ್ಕೆ 200ರಿಂದ 300 ಮಿಲಿಲೀಟರ್, ಕೆಲವರಿಗೆ ಅದಕ್ಕೂ ಜಾಸ್ತಿ ರಕ್ತ ಅದರ ಮೂಲಕ ಮಿಷನ್‌ಗೆ ಹೋಗಿ ಬರುತ್ತದೆ. ಅದು ಮುಚ್ಚಿಕೊಂಡರೆ ಮತ್ತೆ ಆಪರೇಷನ್, ಮತ್ತೆ ಡಯಾಲಿಸಿಸ್‌ಗಾಗಿ ಕತ್ತಿನ ರಕ್ತನಾಳಕ್ಕೆ ಪೈಪು. ಆದ್ದರಿಂದ ದಿನಾ ಬೆಳಿಗ್ಗೆ, ರಾತ್ರಿ ಅದರ ಮೇಲೆ ಬೆರಳಿಟ್ಟು ನೋಡಬೇಕು. ಒಳಗೆ ಝುಂ ಅನ್ನುತ್ತಿರಬೇಕು. ಅಮ್ಮನಿಗೆ ಇದನ್ನು ಎಷ್ಟು ಹೇಳಿದರೂ ತಿಳಿದಿರಲಿಲ್ಲ. ಕೊನೆಗೆ ನಮ್ಮ ತೋಟದಲ್ಲಿ ಬೋರ್‌ವೆಲ್ ಮೋಟರ್ ಓಡುವಾಗ ಪೈಪಿನ ಮೇಲೆ ಅವಳ ಕೈ ಇಡಿಸಿದೆ. ತಕ್ಷಣ ಅದೇ ಬೆರಳನ್ನು ಫಿಸ್ಟುಲಾ ಮೇಲೆ ಇಡಿಸಿದೆ. "ಹೂಂ, ಇದೂ ಓಡ್ತಾ ಐತೆ" ಎಂದಳು. ಆ ಮುಖ, ಆ ಮಾತು ವಿಡಿಯೊದಲ್ಲಿದೆ. ಮೋಟರ್ ನಿಂತರೆ ತೋಟಕ್ಕೆ ನೀರಿಲ್ಲ ಎಂದು ನಮ್ಮ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಝುಂ ನಿಂತರೆ ನಾಳೆಯ ಪಾಳಿಗೆ ಹೇಗೂ ಹೋಗುತ್ತೇವಲ್ಲ ಎಂದು ಕಾಯಬಾರದು. ಅವತ್ತೇ, ಆಗಲೇ ಫೋನ್ ಮಾಡಿ ಹೊರಡಬೇಕು. ಬೇಗ ಹೋದರೆ ಅದನ್ನು ಉಳಿಸಿಕೊಳ್ಳುವ ಅವಕಾಶ ಇರುತ್ತದೆ.

ಅದೇ ವಿಡಿಯೊದ ಕೊನೆಯಲ್ಲಿ ಆ ಕೈಗೆ ಏನೇನು ಮಾಡಬಾರದು ಎಂದು ತೋರಿಸಿ. ಬಿಪಿ ಪಟ್ಟಿ ಕಟ್ಟಿಸಬಾರದು. ರಕ್ತ ತೆಗೆಸಬಾರದು, ಡ್ರಿಪ್ ಹಾಕಿಸಬಾರದು. ಬಿಗಿ ಬಳೆ, ವಾಚು ಬೇಡ. ನೀರಿನ ಕೊಡ, ಹುಲ್ಲಿನ ಹೊರೆ ಆ ಕೈಯಲ್ಲಿ ಬೇಡ. ತಲೆ ಕೆಳಗೆ ಆ ಕೈ ಇಟ್ಟು ಮಲಗಬಾರದು. ಬಳೆ ವಿಷಯ ಹೆಂಗಸರಿಗೆ ಸಣ್ಣದಲ್ಲ. "ಒಂದು ಕೈ ಬರಿದು ಮಾಡ್ಕೊಂಡು ಮದುವೆಮನೆಗೆ ಹೇಗೆ ಹೋಗಲಿ?" ಎಂದು ಅಮ್ಮ ಅತ್ತಿದ್ದಳು. ಕೊನೆಗೆ ಸಿಸ್ಟರ್‌ಗೆ ತೋರಿಸಿ, ಫಿಸ್ಟುಲಾ ಇರುವ ಜಾಗವನ್ನು ಮುಟ್ಟದ ಹಾಗೆ ಸಡಿಲವಾದ ಒಂದೇ ಬಳೆಗೆ ಒಪ್ಪಿಗೆ ಪಡೆದೆವು. ಇಂಥದ್ದನ್ನು ನಿಮ್ಮ ವಿಡಿಯೊದಲ್ಲಿ ಸೇರಿಸಿ. ಬೇರೆಯವರು ಮಾಡಿದ ವಿಡಿಯೊದಲ್ಲಿ ಇದು ಸಿಗುವುದಿಲ್ಲ.

ಕತ್ತಿನಲ್ಲಿ ಪೈಪು ಇರುವವರಿಗೆ ವಿಡಿಯೊ ಬೇರೆ. ಡ್ರೆಸ್ಸಿಂಗ್ ಒದ್ದೆಯಾಗಬಾರದು, ತಲೆಯ ಮೇಲೆ ನೀರು ಸುರಿದುಕೊಂಡು ಸ್ನಾನ ಬೇಡ, ಮುಚ್ಚಳ ಮತ್ತು ಕ್ಲಿಪ್ಪನ್ನು ಮನೆಯಲ್ಲಿ ಯಾರೂ ಮುಟ್ಟಬಾರದು. ಚಳಿ ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಬಾರದು. ಪೈಪಿನ ಮೂಲಕ ರಕ್ತಕ್ಕೆ ಸೋಂಕು ಸೇರಿರಬಹುದು. ಆಸ್ಪತ್ರೆಗೆ ಹೋಗಬೇಕು.

ನೀರಿನ ವಿಡಿಯೊ

ಇದು ಎಲ್ಲಕ್ಕಿಂತ ಕಷ್ಟದ್ದು. ಬಾಯಾರಿಕೆಯನ್ನು ತಡೆದುಕೊಳ್ಳಿ ಎಂದು ಹೇಳುವವರಿಗೆ ಅದರ ಸಂಕಟ ಗೊತ್ತಿರುವುದಿಲ್ಲ. ಹಿಂದಿನ ದಿನ ಬಂದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನಿಮ್ಮದನ್ನು ನಿಮ್ಮ ಡಾಕ್ಟ್ರೇ ಹೇಳಬೇಕು. ಆದರೆ 'ಮಿಲಿಲೀಟರ್' ಎಂಬ ಮಾತು ಅಡುಗೆಮನೆಯಲ್ಲಿ ಇಲ್ಲ. ಹಾಗಾಗಿ ನಾವು ಮಾಡಿದ್ದು ಹೀಗೆ. ಅಮ್ಮನ ಸ್ಟೀಲ್ ಲೋಟ, ಕಾಫಿ ಲೋಟ, ಸಾರಿನ ಸೌಟು ಮೂರನ್ನೂ ತಂದೆವು. ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಿಂದ ಅಳೆದೆವು. ಅವಳ ಲೋಟಕ್ಕೆ 220 ಮಿಲಿಲೀಟರ್ ಹಿಡಿಯುತ್ತಿತ್ತು. ಅವಳು ಅದನ್ನು ಸಣ್ಣ ಲೋಟ ಎಂದುಕೊಂಡಿದ್ದಳು! ಬೆಳಿಗ್ಗೆ ಒಂದು ಬಾಟಲಿಗೆ ಆ ದಿನದ ನೀರು ತುಂಬಿಡಬೇಕು. ಕಾಫಿ ಕುಡಿದರೆ ಕಾಫಿ ಲೋಟದಷ್ಟು ನೀರನ್ನು ಬಾಟಲಿಯಿಂದ ಚೆಲ್ಲಬೇಕು. ಮಜ್ಜಿಗೆ, ಗಂಜಿ, ಸಾರು, ಮಾತ್ರೆ ನುಂಗುವ ನೀರು, ಎಲ್ಲಕ್ಕೂ ಹೀಗೇ. ಸಂಜೆ ಬಾಟಲಿ ಖಾಲಿಯಾದರೆ ಅವತ್ತಿನ ಪಾಲು ಮುಗಿಯಿತು. ವಿಡಿಯೊದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಬಾಟಲಿಯನ್ನು ಆರು ಸಲ ತೋರಿಸಿದ್ದೇವೆ. ಮಾತು ಬಹಳ ಕಡಿಮೆ.

ಯಾಕೆ ಇಷ್ಟು ಕಟ್ಟುನಿಟ್ಟು ಎಂದು ಕಾರಣವನ್ನೂ ಹೇಳಿ, ಬೆದರಿಸಬೇಡಿ. ಎರಡು ಡಯಾಲಿಸಿಸ್ ನಡುವೆ ಏರುವ ಒಂದು ಕೆ.ಜಿ. ತೂಕ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಮಿಷನ್ ಅದನ್ನು ನಾಲ್ಕು ಗಂಟೆಯಲ್ಲಿ ಎಳೆಯಬೇಕು. ಒಂದು ಕೆ.ಜಿ. ಮೈತೂಕಕ್ಕೆ ಗಂಟೆಗೆ 13 ಮಿಲಿಲೀಟರ್‌ಗಿಂತ ವೇಗವಾಗಿ ಎಳೆದರೆ ಹೃದಯಕ್ಕೆ ಹೊರೆ. 50 ಕೆ.ಜಿ. ತೂಕದವರಿಗೆ ನಾಲ್ಕು ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 2.6 ಲೀಟರ್. ನಾಲ್ಕು ಕೆ.ಜಿ. ಏರಿಸಿಕೊಂಡು ಹೋದರೆ ಬಿಪಿ ಬೀಳುವುದು, ಕಾಲು ಸೆಳೆತ, ಕಣ್ಣು ಕತ್ತಲೆ ಬರುವುದು ಅದಕ್ಕೇ. ಈ ಲೆಕ್ಕ ತಿಳಿದ ಮೇಲೆ ಅಮ್ಮ "ಮಿಷನ್ ಹಿಂಸೆ ಕೊಡುತ್ತೆ" ಎನ್ನುವುದನ್ನು ಬಿಟ್ಟಳು.

ಬಾಯಾರಿಕೆಯ ಬೇರು ಉಪ್ಪಿನಲ್ಲಿದೆ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಒಂದು ಲೀಟರಿನಲ್ಲಿ ಇರುವುದು 9 ಗ್ರಾಂ ಉಪ್ಪು. ಅಂದರೆ ಅಷ್ಟು ಉಪ್ಪು ತಿಂದರೆ ಮೈ ಅದಕ್ಕೆ ಸರಿಯಾಗಿ ಸುಮಾರು ಒಂದು ಲೀಟರ್ ನೀರನ್ನು ಕೇಳುತ್ತದೆ, ಹಿಡಿದಿಟ್ಟುಕೊಳ್ಳುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಎಲ್ಲವೂ ಮುಗಿಯಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪುಮೆಣಸಿನಕಾಯಿ ಎಲ್ಲ ಸೇರಿ. ಅಂಗಡಿಯಲ್ಲಿ 'ಸೋಡಿಯಂ ಕಡಿಮೆ' ಎಂದು ಮಾರುವ ಉಪ್ಪನ್ನು ದಯವಿಟ್ಟು ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಡಯಾಲಿಸಿಸ್‌ನವರಿಗೆ ಅದು ಅಪಾಯ.

ನಮ್ಮ ಊಟದ ವಿಡಿಯೊ

ಇಲ್ಲಿ ನಮ್ಮ ಜಿಲ್ಲೆಗಳ ಕಷ್ಟವೇ ಬೇರೆ. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ತಿಪಟೂರಿನ ತೆಂಗು, ಎಲ್ಲರ ಮನೆಯ ರಾಗಿ. ನಾವು ಬೆಳೆದು ಬದುಕುವುದೆಲ್ಲ ಪೊಟ್ಯಾಸಿಯಂ ಪಟ್ಟಿಯಲ್ಲಿದೆ. ತಾನೇ ಬೆಳೆದ ಮಾವನ್ನು ತಿನ್ನಬೇಡ ಎಂದು ರೈತನಿಗೆ ಹೇಳುವುದು ಎಷ್ಟು ಕಷ್ಟ, ಅಲ್ವಾ? ಎಲ್ಲದಕ್ಕೂ 'ಬೇಡ' ಎಂದರೆ ಅವರು ಕದ್ದು ತಿನ್ನುತ್ತಾರೆ. ಆಮೇಲೆ ನಮಗೆ ಹೇಳುವುದೂ ಇಲ್ಲ. ಆದ್ದರಿಂದ ಡಯಟೀಷಿಯನ್ ಹತ್ತಿರ 'ಎಷ್ಟು' ಎಂದು ಕೇಳಿ, ಆ ಅಳತೆಯನ್ನು ವಿಡಿಯೊದಲ್ಲಿ ತಟ್ಟೆಯಲ್ಲಿಟ್ಟು ತೋರಿಸಿ. ಅಮ್ಮನಿಗೆ ಮಾವಿನ ಕಾಲದಲ್ಲಿ ಡಯಾಲಿಸಿಸ್ ದಿನ ಮಾತ್ರ ಎರಡು ಸಣ್ಣ ಹೋಳು ಎಂದು ಹೇಳಿದರು. ಅದು ಅವಳ ರಿಪೋರ್ಟ್ ನೋಡಿ ಹೇಳಿದ್ದು. ನಿಮ್ಮವರಿಗೆ ಅದೂ ಬೇಡ ಎನ್ನಬಹುದು.

ತರಕಾರಿಯ ವಿಡಿಯೊದಲ್ಲಿ ಇವು ಇರಲಿ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚುವುದು. ದೊಡ್ಡ ಪಾತ್ರೆಯಲ್ಲಿ ತುಂಬ ನೀರು ಇಟ್ಟು ಕುದಿಸುವುದು. ಆ ನೀರು ಪೂರ್ತಿ ಚೆಲ್ಲುವುದು. ಸುಮ್ನೆ ತಣ್ಣೀರಿನಲ್ಲಿ ನೆನೆಸಿಡುವುದಕ್ಕಿಂತ ಕುದಿಸಿ ಬಸಿದರೆ ಪೊಟ್ಯಾಸಿಯಂ ಜಾಸ್ತಿ ಹೋಗುತ್ತದೆ. ಕುಕ್ಕರಿನಲ್ಲಿ ಸ್ವಲ್ಪವೇ ನೀರಿಟ್ಟು ಕೂಗಿಸಿ, ಆ ನೀರನ್ನೂ ಸಾರಿಗೇ ಬಳಸಿದರೆ ಏನೂ ಹೋಗಿರುವುದಿಲ್ಲ. ಹಾಗಾದರೆ ಬಸ್ಸಾರು ತಿನ್ನುವುದೇ ಬೇಡವಾ? ನಮ್ಮಮ್ಮ ಈಗ ಬಸಿದ ನೀರು ಚೆಲ್ಲಿ, ಬೆಂದ ಸೊಪ್ಪು ಕಾಳಿನಲ್ಲಿ ಸ್ವಲ್ಪ ತೆಗೆದು ಖಾರದ ಜೊತೆ ರುಬ್ಬಿ, ಬೇರೆ ಬಿಸಿನೀರು ಸೇರಿಸಿ ಗಟ್ಟಿಯಾಗಿ ಮಾಡುತ್ತಾಳೆ. ಹಳೆಯ ರುಚಿ ಇಲ್ಲ, ನಿಜ. ಬೆಳ್ಳುಳ್ಳಿ, ಜೀರಿಗೆ ಸ್ವಲ್ಪ ಜಾಸ್ತಿ ಹಾಕುತ್ತಾಳೆ.

ರಾಗಿಯಲ್ಲಿ ಅಕ್ಕಿಗಿಂತ ಪೊಟ್ಯಾಸಿಯಂ, ಫಾಸ್ಫರಸ್ ಎರಡೂ ಜಾಸ್ತಿ. ಮುದ್ದೆ ಎಷ್ಟು, ವಾರಕ್ಕೆ ಎಷ್ಟು ಸಲ ಎಂದು ಕೇಳಿಕೊಳ್ಳಿ. ಎಳನೀರು ಮಾತ್ರ ಖಂಡಿತ ಬೇಡ. ಕಾಯಿಲೆಯವರನ್ನು ನೋಡಲು ಬರುವ ನೆಂಟರು ಪ್ರೀತಿಯಿಂದ ತರುವುದೇ ಅದು. ಅವರಿಗಾಗಿಯೇ ನಲವತ್ತು ಸೆಕೆಂಡಿನ ಒಂದು ವಿಡಿಯೊ ಮಾಡಿ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆವು. ಅದರಲ್ಲಿ ಮಾತಾಡಿದ್ದು ಅಮ್ಮನೇ. ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣನ್ನೂ ಅದರಲ್ಲೇ ತೋರಿಸಿದ್ದೇವೆ. ಕಿಡ್ನಿ ಕೆಲಸ ಮಾಡದವರಿಗೆ ಅದು ಮಿದುಳಿಗೇ ವಿಷವಾಗಬಹುದು. ಒಂದು ಹೋಳೂ ಬೇಡ.

ಒಂದು ವಿಷಯ ಎಷ್ಟೋ ಮನೆಗಳಲ್ಲಿ ಉಲ್ಟಾ ನಡೆಯುತ್ತಿದೆ. ಡಯಾಲಿಸಿಸ್ ಶುರುವಾಗುವ ಮುಂಚೆ 'ಪ್ರೋಟೀನ್ ಕಡಿಮೆ ಮಾಡಿ' ಎಂದಿರುತ್ತಾರೆ. ಶುರುವಾದ ಮೇಲೆ ಅದು ಬದಲಾಗುತ್ತದೆ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ನಷ್ಟವಾಗುವುದರಿಂದ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. ಹಳೆಯ ಪಥ್ಯವನ್ನೇ ಹಿಡಿದುಕೊಂಡು ಸೊರಗಿದವರನ್ನು ನಾನು ನೋಡಿದ್ದೇನೆ. ಮೊಟ್ಟೆಯ ಬಿಳಿ ಭಾಗ ಸುಲಭದ ದಾರಿ. ತಿನ್ನದವರು ಡಯಟೀಷಿಯನ್ ಹತ್ತಿರ ಬೇರೆ ದಾರಿ ಕೇಳಿ. ಫಾಸ್ಫರಸ್ ತಗ್ಗಿಸಲು ಕೊಡುವ ಮಾತ್ರೆಯನ್ನು ಊಟದ ಜೊತೆಯಲ್ಲೇ ತೆಗೆದುಕೊಳ್ಳಬೇಕು. ವಿಡಿಯೊದಲ್ಲಿ ಮಾತ್ರೆಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟು ತೋರಿಸಿ, ಡಬ್ಬಿಯಲ್ಲಿ ಅಲ್ಲ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆ ತಂದು ನುಂಗಬಾರದು ಎಂದೂ ಹೇಳಿ.

ಶೂಟ್ ಮಾಡುವಾಗ

ಕಿಟಕಿಯ ಬೆಳಕು ಮುಖದ ಮೇಲೆ ಬೀಳಲಿ, ಬೆನ್ನಿಗಲ್ಲ. ಫ್ಯಾನ್, ಟಿವಿ ಆರಿಸಿ. ಫೋನನ್ನು ಡಬ್ಬಿಗೆ ಒರಗಿಸಿದರೂ ಸಾಕು, ಅಲುಗಾಡಬಾರದು. ಸಂಗೀತ ಹಾಕಬೇಡಿ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರು ತುಂಬ ಜನ ಇರುತ್ತಾರೆ. ಅಕ್ಷರ ನಂಬಬೇಡಿ, ಮಾತು ನಂಬಿ. ಕಣ್ಣು ಮುಚ್ಚಿ ಕೇಳಿದರೂ ಅರ್ಥವಾಗಬೇಕು. ನಮ್ಮ ಗಡಿ ಊರುಗಳಲ್ಲಿ ಎಷ್ಟೋ ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಮನೆಯಲ್ಲಿ ಯಾವ ಮಾತೋ ಅದರಲ್ಲೇ ಮಾಡಿ. ಸಾಧ್ಯವಾದರೆ ರೋಗಿಯೇ ಮಾಡಿ ತೋರಿಸಲಿ. ತಾನೇ ಮಾಡಿದ್ದನ್ನು ನೋಡುವುದಕ್ಕೂ ಬಿಳಿ ಕೋಟಿನವರು ಹೇಳುವುದನ್ನು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಆಸ್ಪತ್ರೆಯೊಳಗೆ ಶೂಟ್ ಮಾಡುವುದಿದ್ದರೆ ಒಪ್ಪಿಗೆ ಕೇಳಿ. ಪಕ್ಕದ ಹಾಸಿಗೆಯವರ ಮುಖ ಬೀಳಬಾರದು.

ಮಾಡಿದ ವಿಡಿಯೊವನ್ನು ಯಾರಿಗೂ ಕಳಿಸುವ ಮುಂಚೆ ಘಟಕದಲ್ಲಿ ತೋರಿಸಿ. ಈ ಹೆಜ್ಜೆಯನ್ನು ದಾಟಿ ಹೋಗಬೇಡಿ. ನನ್ನ ಒಂದು ವಿಡಿಯೊದಲ್ಲಿ, ಸೂಜಿ ತೆಗೆದ ಜಾಗವನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ ಎಂದು ಹೇಳಿದ್ದೆ. ಹತ್ತು ಹದಿನೈದು ನಿಮಿಷ, ನಡುವೆ ತೆಗೆದು ನೋಡದೆ ಒತ್ತಬೇಕು ಎಂದು ಟೆಕ್ನಿಷಿಯನ್ ತಿದ್ದಿದರು. ಆ ತಪ್ಪು ಹತ್ತು ಜನರ ಫೋನಿಗೆ ಹೋಗಿದ್ದರೆ?

ತೋರಿಸುವುದು ಯಾವಾಗ, ಹೇಗೆ

ಡಯಾಲಿಸಿಸ್‌ನ ಮೊದಲ ಎರಡು ಗಂಟೆ ಒಳ್ಳೆಯ ಹೊತ್ತು. ಆಮೇಲೆ ಸುಸ್ತು, ಬಿಪಿ ಇಳಿಯುವುದು, ನಿದ್ದೆ. ಒಂದು ಪಾಳಿಗೆ ಒಂದೇ ವಿಡಿಯೊ. ಸೂಜಿ ಇರುವ ಕೈ ಅಲ್ಲಾಡಬಾರದು, ಆದ್ದರಿಂದ ಫೋನನ್ನು ನೀವು ಹಿಡಿದುಕೊಳ್ಳಿ. ಮಿಷನ್‌ಗಳ ಸದ್ದಿನಲ್ಲಿ ಕೇಳಿಸುವುದಿಲ್ಲ, ಒಂದು ಇಯರ್‌ಫೋನ್ ಇರಲಿ. ಒಂದೇ ಕಿವಿಗೆ ಹಾಕಿ, ಸಿಸ್ಟರ್ ಕರೆದರೆ ಕೇಳಿಸಬೇಕು.

ನೋಡಿ ಮುಗಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ "ಹೂಂ" ಎನ್ನುತ್ತಾರೆ. "ನಾಳೆ ಚಿಕ್ಕಮ್ಮ ಬರ್ತಾಳೆ, ಅವಳಿಗೆ ನೀನು ಹೇಗೆ ಹೇಳಿಕೊಡ್ತೀಯ, ತೋರಿಸು" ಎನ್ನಿ. ಅಮ್ಮ ಹಾಗೆ ತೋರಿಸುವಾಗಲೇ ಝುಂ ನೋಡಲು ಹೆಬ್ಬೆರಳನ್ನು ಬಲವಾಗಿ ಒತ್ತುತ್ತಿದ್ದಾಳೆ ಎಂದು ಗೊತ್ತಾಯಿತು. ಬೆರಳ ತುದಿಗಳನ್ನು ಮೆಲ್ಲಗೆ ಇಟ್ಟರೆ ಸಾಕು. ಎಡವಿದ ಜಾಗ ಸಿಕ್ಕರೆ ವಿಡಿಯೊದ ಆ ಭಾಗವನ್ನು ಮತ್ತೆ ತೋರಿಸಿ. ಬೈಯಬೇಡಿ. ವಾರಕ್ಕೆ ಎರಡು ಮೂರು ಸಲ ಬಸ್ಸಿನಲ್ಲಿ ಹೋಗಿ ನಾಲ್ಕು ಗಂಟೆ ಮಲಗಿ ಬರುವವರು ಅವರು.

ಫಾರ್ವರ್ಡ್ ಆಗಿ ಬರುವ ವಿಡಿಯೊಗಳ ಬಗ್ಗೆ ಒಂದು ಮಾತು. 'ಈ ಕಷಾಯ ಕುಡಿದರೆ ಡಯಾಲಿಸಿಸ್ ನಿಲ್ಲಿಸಬಹುದು' ಎಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಿಗೇ ಬಿಡಿ. ಎರಡು ಪಾಳಿ ತಪ್ಪಿಸಿದರೆ ಪೊಟ್ಯಾಸಿಯಂ, ನೀರು ಎರಡೂ ಏರಿ ಪ್ರಾಣಕ್ಕೇ ಬರಬಹುದು.

ಕೊನೆಯ ವಿಡಿಯೊ ತುರ್ತಿನದು. ಇದನ್ನು ರೋಗಿಗಷ್ಟೇ ಅಲ್ಲ, ಮನೆಯ ಎಲ್ಲರಿಗೂ, ಪಕ್ಕದ ಮನೆಯವರಿಗೂ ತೋರಿಸಿ. ಫಿಸ್ಟುಲಾದಿಂದ ರಕ್ತ ಚಿಮ್ಮಿದರೆ ಟವೆಲ್ ಸುತ್ತಿ ಕೂರಬಾರದು. ಟವೆಲ್ ರಕ್ತ ಹೀರುತ್ತದೆ, ನಿಲ್ಲಿಸುವುದಿಲ್ಲ. ರಕ್ತ ಬರುವ ಜಾಗದ ಮೇಲೇ ಶುದ್ಧ ಬಟ್ಟೆಯ ಸಣ್ಣ ಮಡಿಕೆ ಇಟ್ಟು ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಕೈ ಎತ್ತಿ ಹಿಡಿದು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಮಲಗಿದರೆ ಉಸಿರು ಕಟ್ಟುವುದು, ಕಾಲಿನಲ್ಲಿ ಇದ್ದಕ್ಕಿದ್ದಂತೆ ಬಲ ಇಲ್ಲದಾಗುವುದು, ಎದೆನೋವು, ಎದೆಬಡಿತ ಏರುಪೇರಾಗುವುದು, ಇವಕ್ಕೂ ಬೆಳಗಾಗುವವರೆಗೆ ಕಾಯಬಾರದು. ವಾರದಲ್ಲಿ ಎರಡು ದಿನಕ್ಕಿಂತ ಜಾಸ್ತಿ ಅಂತರ ಬರುವ ದಿನಗಳಲ್ಲಿ ಇನ್ನೂ ಎಚ್ಚರ ಬೇಕು.

ಈ ವಿಡಿಯೊವನ್ನು ನಾವು ಅಮ್ಮನ ಫೋನಿನ ಮೊದಲ ಪುಟದಲ್ಲೇ ಇಟ್ಟಿದ್ದೇವೆ. ಪಕ್ಕದ ಮನೆಯ ಹುಡುಗ ಏಳನೇ ಕ್ಲಾಸು. ಅವನಿಗೆ ಅಮ್ಮನೇ ಎರಡು ಸಲ ತೋರಿಸಿ, ತನ್ನ ಕೈಯ ಮೇಲೆ ಅವನ ಬೆರಳಿಟ್ಟು ಎಲ್ಲಿ ಒತ್ತಬೇಕು ಎಂದು ಹೇಳಿಕೊಟ್ಟಿದ್ದಾಳೆ. ನಾನು ಊರಲ್ಲಿ ಇಲ್ಲದ ದಿನ ಅವಳಿಗೆ ಹತ್ತಿರ ಇರುವವನು ಅವನೇ.